ಎಂಜಿನ್ನಿಗೆ ಉಣಿಸಿದ ಮಣ್ಣು

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಜೆಟ್ ಎಂಜಿನ್ನುಗಳನ್ನು ಬೇಕೆಂದೇ ಕೆಡಿಸುತ್ತೇವೆ. ಆಕಾಶದಲ್ಲಿ ಏನೇನು ಕೆಡಬಹುದೋ ಅದನ್ನೆಲ್ಲ ನೆಲದ ಮೇಲೇ ಕೆಡಿಸಿ ನೋಡಿದರೆ, ಯಾವ ಎಂಜಿನ್ನನ್ನು ಎಷ್ಟು ಕಾಲ ನಂಬಬಹುದು, ಯಾವಾಗ ಕೆಳಗಿಳಿಸಿ ಬಿಚ್ಚಿ ನೋಡಬೇಕು ಎಂದು ಹೇಳಲು ಬರುತ್ತದೆ. ಮನೆ ಇರುವುದು ರಾಮನಗರದಲ್ಲಿ. ಬೆಳಿಗ್ಗೆ ರೈಲು ಹತ್ತಿ, ಬಿಡದಿಯವರೆಗೆ ನಿಂತುಕೊಂಡೇ ಹೋಗಿ, ಕಾರು ಕಾರ್ಖಾನೆಯ ಜನ ಇಳಿದ ಮೇಲೆ ಕೂತು, ಬೆಂಗಳೂರು ಬರುವಷ್ಟರಲ್ಲಿ ಸಣ್ಣದೊಂದು ನಿದ್ದೆ ತೆಗೆಯುವುದು ನನ್ನ ಅಭ್ಯಾಸ. ಎಂಜಿನ್ನಿನ ಬದುಕು, ಊರಿನ ಬದುಕು ಒಂದಕ್ಕೊಂದು ಸೋಕದೆ ಬಹಳ ವರ್ಷ ನಡೆದವು.

ಅವು ಸೋಕಿದ್ದು ಒಂದು ಬೇಸಿಗೆಯಲ್ಲಿ. ನಮ್ಮ ವಿಭಾಗದ ಮುಖ್ಯಸ್ಥರು ನನ್ನನ್ನು ಕರೆದು, "ನೀವು ರಾಮನಗರದ ಕಡೆಯವರಲ್ವಾ?" ಎಂದು ಕೇಳಿದರು. ಹೌದು ಎಂದೆ.

"ಒಳ್ಳೇದಾಯ್ತು. ನಿಮ್ಮೂರಿನ ದೂಳು ಬೇಕಾಗಿದೆ."

ವಿಷಯ ಇಷ್ಟು. ಬಯಲುಸೀಮೆಯ ಸಣ್ಣ ನಿಲ್ದಾಣಗಳಿಂದ ಹಾರುವ ವಿಮಾನಗಳ ಎಂಜಿನ್ನುಗಳು ನಾವು ಅಂದುಕೊಂಡಿದ್ದಕ್ಕಿಂತ ಬೇಗ ಸೋತು ವಾಪಸು ಬರುತ್ತಿದ್ದವು. ದೂಳೇ ಕಾರಣ ಎಂದು ನಮ್ಮ ಅನುಮಾನ. ಎಂಜಿನ್ ಗಾಳಿ ಎಳೆದುಕೊಳ್ಳುವಾಗ ದೂಳೂ ಒಳಗೆ ಹೋಗುತ್ತದೆ. ಮುಂದಿನ ಬ್ಲೇಡುಗಳ ಅಂಚನ್ನು ಉಪ್ಪುಕಾಗದದ ಹಾಗೆ ಸವೆಸುತ್ತದೆ. ಬೆಂಕಿ ಉರಿಯುವ ಜಾಗ ದಾಟುವಾಗ ಅಲ್ಲಿನ ಕಾವಿಗೆ ಕರಗಿ, ಹಿಂದಿನ ಬ್ಲೇಡುಗಳಿಗೆ ಗಾಜಿನ ಹಾಗೆ ಅಂಟಿಕೊಳ್ಳುತ್ತದೆ. ಆ ಬ್ಲೇಡುಗಳನ್ನು ತಣ್ಣಗಿಡಲು ಸೂಜಿಮೊನೆಯಂಥ ರಂಧ್ರಗಳಿರುತ್ತವೆ. ಅವು ಮುಚ್ಚಿಕೊಂಡರೆ ಲೋಹ ಒಳಗೊಳಗೇ ಬೇಯುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಎಲ್ಲ ಮಣ್ಣೂ ಒಂದೇ ಥರ ಕರಗುವುದಿಲ್ಲ. ಹಾಗಾಗಿ ಬೇರೆಬೇರೆ ಕಡೆಯ ದೂಳು ತಂದು, ಒಂದು ಹಳೆಯ ಎಂಜಿನ್ನಿಗೆ ಉಣಿಸಿ ನೋಡುವುದೆಂದು ತೀರ್ಮಾನವಾಗಿತ್ತು.

"ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ನಾಲ್ಕೂ ತಾಲ್ಲೂಕು ಸುತ್ತಿ ಬನ್ನಿ," ಎಂದರು. ನನಗೆ ಖುಷಿಯೇ ಆಯಿತು. ನಾಲ್ಕು ಗೋಡೆಯೊಳಗೆ ಕೂತು ಸಾಕಾಗಿತ್ತು.

ಮಾಗಡಿ ಕಡೆಯಿಂದ ಶುರು ಮಾಡಿದೆವು. ನಾನು, ಜೀಪು ಓಡಿಸುವವರು, ಇಬ್ಬರೇ. ಹೊಲದ ಬದುವಿನಲ್ಲಿ, ದಾರಿಯ ಅಂಚಿನಲ್ಲಿ ಮೇಲುಮೇಲಿನ ದೂಳನ್ನು ಬ್ರಷ್ಷಿನಿಂದ ಗುಡಿಸಿ ಚೀಲಕ್ಕೆ ತುಂಬುವುದು, ಆ ಜಾಗದಲ್ಲಿ ಒಂದು ಸಣ್ಣ ಕೆಂಪು ಬಾವುಟ ನೆಟ್ಟು ಫೋಟೋ ತೆಗೆದು, ಬಾವುಟ ಕಿತ್ತುಕೊಂಡು ಮುಂದೆ ಹೋಗುವುದು. ಮಕ್ಕಳಾಟದಂಥ ಕೆಲಸ.

ದನ ಮೇಯಿಸುತ್ತಿದ್ದ ಮುದುಕರೊಬ್ಬರು ಹತ್ತಿರ ಬಂದು ಜೀಪಿನ ನಂಬರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಯಾವ ಇಲಾಖೆ ತಾಯಿ?"

"ಇಲಾಖೆ ಅಲ್ಲ ತಾತ, ಸಂಶೋಧನೆ. ವಿಮಾನದ ಎಂಜಿನ್ ಒಳಕ್ಕೆ ಈ ದೂಳು ಹೋದ್ರೆ ಏನಾಯ್ತದೆ ಅಂತ ನೋಡ್ತೀವಿ."

"ಇಮಾನ." ಆ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ನಿಂತರು. "ಇಲ್ಲೆಲ್ ಬತ್ತದವ್ವ ಇಮಾನ?"

"ಇಲ್ಲಿಗೆ ಬರಲ್ಲ ತಾತ. ನಮಗೆ ದೂಳು ಮಾತ್ರ ಸಾಕು."

"ಬರ್ದೆ ಇರೋ ಇಮಾನಕ್ಕೆ ನಮ್ ಹೊಲದ ದೂಳು ಯಾಕೆ ಬೇಕು?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಬಿಸಿಲು ಇನ್ನೂ ನೆತ್ತಿಯ ಮೇಲಿತ್ತು, ದನಗಳು ಮೇಯುತ್ತಲೇ ಇದ್ದವು. ಅವರು ಅವನ್ನು ಒಟ್ಟುಮಾಡಿಕೊಂಡು ಮನೆ ಕಡೆ ಹೊಡೆದುಕೊಂಡು ಹೋದರು.

ಮುಂದಿನ ಊರಿಗೆ ನಾವು ಹೋಗುವಷ್ಟರಲ್ಲಿ ಅರಳಿಕಟ್ಟೆಯ ಹತ್ತಿರ ಜನ ನಿಂತಿದ್ದರು. ಯಾರೂ ತಡೆಯಲಿಲ್ಲ, ಬೈಯಲಿಲ್ಲ. ನಾನು ಬಾವುಟ ನೆಟ್ಟ ಕಡೆಗೆಲ್ಲ ಬಂದು, ನಾನು ಕಿತ್ತ ಮೇಲೆ ಆ ಗುಳಿಯನ್ನು ನೋಡುತ್ತಿದ್ದರು. ಒಬ್ಬಾಕೆ ಕಾಲಿನಿಂದ ಅದನ್ನು ಮುಚ್ಚಿ ತುಳಿದಳು. ಜೀಪಿನವರು ಗೇರು ಹಾಕುತ್ತ, "ಮೇಡಂ, ಇನ್ನು ಮೇಲೆ ಕೇಳಿದ್ರೆ ಗೊಬ್ಬರದ ಪರೀಕ್ಷೆ ಅಂದ್ಬುಡಿ," ಎಂದರು. ಸುಳ್ಳು ಯಾಕೆ ಹೇಳಬೇಕು ಎಂದುಕೊಂಡೆ.

ಚನ್ನಪಟ್ಟಣದ ಕಡೆ ಹೋದಾಗ ಇನ್ನೂ ವಿಚಿತ್ರವಾಯಿತು. ಅಲ್ಲಿ ನಮಗೆ ಮರ್ಯಾದೆ ಸಿಕ್ಕಿತು. ಕೆರೆಯ ಹಿಂದಿನ ತೋಟವೊಂದರಲ್ಲಿ ಯಜಮಾನರೊಬ್ಬರು ಎಳನೀರು ಕೆತ್ತಿಸಿ, ಪ್ಲಾಸ್ಟಿಕ್ ಕುರ್ಚಿ ತರಿಸಿ ಕೂರಿಸಿದರು. ನನ್ನ ತಂದೆಯ ವಯಸ್ಸಿನವರು. ನನ್ನೆದುರು ಕೂರದೆ ನಿಂತೇ ಇದ್ದರು. ಕೊನೆಗೆ ದನಿ ಇಳಿಸಿ, "ಮೇಡಂನೋರೆ, ಎಲ್ಲಿಂದ ಎಲ್ಗಂಟ ಹೋಯ್ತದೆ ಅಂತ ನಾನು ಕೇಳಾಕಿಲ್ಲ. ನಮ್ ತೋಟದತ್ರ ಒಸಿ ಆ ಕಡೀಕೆ ತಿರುಗಿಸ್ಬುಟ್ರೆ ಸಾಕು," ಎಂದರು.

ಏನನ್ನು ತಿರುಗಿಸಬೇಕು ಎಂದು ಕೇಳಿದೆ. ಅವರು ಕೈಮುಗಿದರು, ಅಷ್ಟೇ. ನಾನು ಎಂಜಿನ್ನಿನ ಕಥೆಯನ್ನೆಲ್ಲ ಮೊದಲಿನಿಂದ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಹೊರಡುವಾಗ ಜೀಪಿನ ಹಿಂದೆ ಒಂದು ಗೊನೆ ಬಾಳೆಹಣ್ಣು ಇಡಿಸಿದ್ದು ಗೊತ್ತಾಯಿತು. ಇಳಿಸಿ ಬಂದೆವು. ಕನ್ನಡಿಯಲ್ಲಿ ನೋಡಿದರೆ ಅವರು ಆ ಗೊನೆಯ ಪಕ್ಕದಲ್ಲಿ ಹಾಗೇ ನಿಂತಿದ್ದರು. ಗೊನೆ ಇಳಿಸಿದ್ದನ್ನು ನೋಡಿ, 'ತಿರುಗಿಸುವುದಿಲ್ಲ' ಎಂಬ ಉತ್ತರ ಅವರಿಗೆ ಸಿಕ್ಕಿಹೋಯಿತೆಂದು ನನಗೆ ಅರಿವಾದದ್ದು ರಸ್ತೆ ಸೇರಿದ ಮೇಲೆ.

ಕನಕಪುರದ ಕಡೆಯನ್ನು ನಾನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಕಬ್ಬಾಳಿನ ಆಚೆ, ದುರ್ಗದ ಬಂಡೆ ಕಾಣುವ ಊರಲ್ಲಿ ನನ್ನ ತಾಯಿಯ ಅಕ್ಕ, ದೊಡ್ಡವ್ವ ಇದ್ದಾಳೆ. ಶಾಲೆಯ ರಜೆಗಳನ್ನೆಲ್ಲ ನಾನು ಕಳೆದದ್ದು ಅವಳ ಮನೆಯಲ್ಲಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ, ಒಂದಷ್ಟು ರಾಗಿ ಹೊಲ. ಊರಿನ ಪಕ್ಕದ ರಸ್ತೆಯಲ್ಲಿ ಜಲ್ಲಿ ಕ್ರಷರಿನ ಲಾರಿಗಳು ಓಡಾಡಲು ಶುರುವಾದ ಮೇಲೆ ಅವಳ ದೊಡ್ಡ ತಾಪತ್ರಯವೆಂದರೆ ದೂಳು. ದೂಳು ಕೂತ ಸೊಪ್ಪನ್ನು ಹುಳುಗಳು ಸರಿಯಾಗಿ ತಿನ್ನುವುದಿಲ್ಲ. ಆ ದೂಳನ್ನೇ ನಾನು ಗುಡಿಸಿಕೊಂಡು ಹೋಗಲು ಬಂದಿದ್ದೇನೆಂದು ಕೇಳಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಷ್ಟೂವೆ ತಗೊಂಡೋಗು ಕಣಮ್ಮಿ. ಲಾರಿ ತತ್ತೀನಿ ಬೇಕಾದ್ರೆ."

ಅವಳ ಮಗನಿಗೆ ನಗು ಬರಲಿಲ್ಲ. ನನಗೆ ಅಣ್ಣನಾಗಬೇಕು, ಚಿಕ್ಕವಳಿದ್ದಾಗ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸಿದವನು. ಹಟ್ಟಿಯಲ್ಲಿ ಮುದ್ದೆಗೆ ಕೂತಾಗ ತಟ್ಟೆ ನೋಡಿಕೊಂಡೇ ಕೇಳಿದ.

"ಮಾಗಡಿ ತಾವ ಏನೋ ಅಳತೆ ಮಾಡುದ್ರಂತೆ?"

"ಅಳತೆ ಅಲ್ಲ ಅಣ್ಣ, ಇದೇ ದೂಳು."

"ಚನ್ನಪಟ್ಟಣದಾಗೂ?"

"ಅಲ್ಲೂ ಇದೇ."

"ಮಾಗಡಿ, ಚನ್ನಪಟ್ಟಣ, ಇಲ್ಲಿ. ಇಮಾನದೋರು. ಸರ್ಕಾರಿ ಜೀಪು. ಕೆಂಪು ಬಾವುಟ." ಬೆರಳು ಮಡಿಸುತ್ತ ಹೋದ. "ನಂಗೊಬ್ಬಂಗಾದ್ರೂ ನಿಜ ಯೋಳು."

"ನಿಜಾನೇ ಹೇಳ್ತಾ ಇದೀನಿ. ಇಲ್ಲಿ ವಿಮಾನ ನಿಲ್ದಾಣನೂ ಇಲ್ಲ, ಏನೂ ಇಲ್ಲ."

ಅವನು ಮೊದಲ ಸಲ ತಲೆ ಎತ್ತಿ ನನ್ನ ಮುಖ ನೋಡಿದ. ಸಿಟ್ಟೇನೂ ಇರಲಿಲ್ಲ, ಕನಿಕರವಿತ್ತು.

"ನೀನು ಸುಳ್ಳು ಯೋಳ್ತಾ ಇಲ್ಲ, ಅದು ನಂಗೊತ್ತು ಕಣಮ್ಮಿ. ನಿಂಗೇ ಯೋಳ್ದೆ ನಿನ್ ಕೈಲಿ ಕೆಲ್ಸ ಮಾಡುಸ್ತಾ ಅವ್ರೆ."

ದೊಡ್ಡವ್ವ, "ಉಣ್ಣೋವಾಗ ಏನ್ಲಾ ಅದು," ಎಂದು ಗದರಿದಳು. ಮಾತು ಅಲ್ಲಿಗೆ ನಿಂತಿತು. ನಾನು ಲಾರಿ ದಾರಿಯ ಪಕ್ಕದ, ಅವರ ತೋಟದ ಅಂಚಿನ ದೂಳನ್ನು ತುಂಬಿಸಿಕೊಂಡು ಬಂದೆ. ಬೂದಿಯಂತೆ ನುಣ್ಣಗಿತ್ತು. ಕೆಂಪು ಮಣ್ಣೂ ಕಲ್ಲಿನ ಪುಡಿಯೂ ಬೆರೆತು ಹಳೆಯ ರಕ್ತದ ಬಣ್ಣಕ್ಕೆ ತಿರುಗಿತ್ತು.

ಆ ಮಳೆಗಾಲವೆಲ್ಲ ಎಂಜಿನ್ನಿಗೆ ದೂಳು ಉಣಿಸಿದೆವು. ಎಂಜಿನ್ ಇರುವುದು ದಪ್ಪ ಗೋಡೆಯ ಒಂದು ಕೋಣೆಯೊಳಗೆ. ನಾವು ಪಕ್ಕದ ಕೋಣೆಯಲ್ಲಿ ಕೂತು ದಪ್ಪ ಗಾಜಿನಿಂದ ನೋಡುತ್ತೇವೆ. ಎಂಜಿನ್ ಪೂರ್ತಿ ವೇಗಕ್ಕೆ ಬಂದ ಮೇಲೆ ಅದರ ಬಾಯಿಗೆ ಒಂದು ಕೊಳವೆಯಿಂದ ಚೂರುಚೂರೇ ದೂಳು ಬಿಡುವುದು. ಗಾಜಿನಾಚೆ ಏನೂ ಬದಲಾಗುವುದಿಲ್ಲ. ದೂಳು ಕಣ್ಣಿಗೆ ಕಾಣುವ ಮೊದಲೇ ಒಳಗೆ ಹೋಗಿರುತ್ತದೆ. ಮಾಗಡಿಯ ದೂಳಿಗೆ ಬ್ಲೇಡಿನ ಅಂಚುಗಳು ಮೊಂಡಾದವು, ಅಷ್ಟೇ. ಚನ್ನಪಟ್ಟಣದ್ದೂ ರಾಮನಗರದ್ದೂ ಅದಕ್ಕಿಂತ ಹೆಚ್ಚು ಕೆಡುಕು ಮಾಡಲಿಲ್ಲ.

ದೊಡ್ಡವ್ವನ ತೋಟದ ದೂಳನ್ನು ಹಾಕಿದ ದಿನ ಎಂಜಿನ್ ಬಹಳ ಹೊತ್ತು ಚೆನ್ನಾಗಿಯೇ ಓಡಿತು. ನಾನು ಕಾಫಿ ಕುಡಿಯಲು ಎದ್ದೆ. ಹಿಂದಿನಿಂದ ಗುಂಡು ಹಾರಿದಂಥ ಸದ್ದು, ಕಾಲ ಕೆಳಗಿನ ನೆಲ ಅದುರಿತು. ತಿರುಗಿ ನೋಡಿದರೆ ಎಂಜಿನ್ನಿನ ಮುಂದಿನ ಬಾಯಿಯಿಂದ, ಗಾಳಿ ಒಳಗೆ ಹೋಗಬೇಕಾದ ಕಡೆಯಿಂದಲೇ, ಬೆಂಕಿಯ ನಾಲಗೆ ಹೊರಗೆ ಚಾಚಿ ಒಳಕ್ಕೆ ಹೋಯಿತು. ಮತ್ತೊಂದು ಸದ್ದು. ಯಾರೋ ಇಂಧನ ನಿಲ್ಲಿಸಿದರು. ಎಂಜಿನ್ ನರಳುತ್ತ ನಿಧಾನವಾಯಿತು. ಒಳಗಿನ ಗಾಳಿಯ ದಾರಿ ಕಟ್ಟಿಕೊಂಡಾಗ ಹೀಗೆ ಬೆಂಕಿ ಹಿಂದಕ್ಕೆ ನುಗ್ಗುತ್ತದೆ. ಆಕಾಶದಲ್ಲಾದರೆ ಪ್ರಯಾಣಿಕರಿಗೆ ಆ ಸದ್ದು ಕೇಳಿಸುತ್ತದೆ.

ಬಿಚ್ಚಿದಾಗ ಬಿಸಿ ಭಾಗದ ಬ್ಲೇಡುಗಳ ಮೇಲೆ ದೂಳು ಕರಗಿ ಗಟ್ಟಿಯಾಗಿತ್ತು. ಕಂದು ಬಣ್ಣದ, ನುಣ್ಣನೆಯ, ದೀಪದಡಿ ಮಿನುಗುವ ಗಾಜು. ಒಂದು ರಂಧ್ರವೂ ಕಾಣುತ್ತಿರಲಿಲ್ಲ. ನೋಡಲು ಚೆನ್ನಾಗಿತ್ತು, ಅದೇ ಹೆದರಿಕೆ ಹುಟ್ಟಿಸಿತು. ಉಗುರಿನಿಂದ ಕೆರೆದರೂ ಬರಲಿಲ್ಲ.

ಮುಖ್ಯಸ್ಥರಿಗೆ ಸಮಾಧಾನವಾಗಿತ್ತು, ಅನುಮಾನ ನಿಜವಾಗಿತ್ತಲ್ಲ. ಬ್ಲೇಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವರನ್ನು, "ಸರ್, ಈ ನಾಲ್ಕು ತಾಲ್ಲೂಕನ್ನು ಆರಿಸಿದ್ದು ಯಾಕೆ?" ಎಂದು ಕೇಳಿದೆ.

"ನಾನು ಆರಿಸಿದ್ದಲ್ಲ. ದುಡ್ಡು ಕೊಟ್ಟು ಕೆಲಸ ಮಾಡಿಸ್ತಾ ಇರೋರು ಕೇಳಿದ್ದು."

"ಅಲ್ಲಿಂದ ವಿಮಾನವೇ ಹಾರೋದಿಲ್ಲವಲ್ಲ."

ಅವರು ಬ್ಲೇಡು ಕೆಳಗಿಟ್ಟರು. "ನೋಡಿ, ಎಂಜಿನ್ ಯಾಕೆ ಕೆಡುತ್ತೆ ಅನ್ನೋದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕಿದೆ. ಬೇರೆಯವರ ಪ್ರಶ್ನೆ ನಮಗೆ ಯಾಕೆ?"

ಅವರೇನೋ ಮುಚ್ಚಿಡುತ್ತಿದ್ದಾರೆ ಅನ್ನಿಸಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಆವತ್ತು ರೈಲಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ.

ಊರಲ್ಲಿ ಅಷ್ಟರೊಳಗೆ ಬಿಳಿ ಕಾರುಗಳು ಓಡಾಡಲು ಶುರುವಾಗಿದ್ದವು. ದೊಡ್ಡವ್ವ ಬೆಳಿಗ್ಗೆಯ ಬಸ್ಸು ಹಿಡಿದು ರಾಮನಗರಕ್ಕೆ ಬಂದಳು. ಚೀಲದಲ್ಲಿ ಅವರೆಕಾಯಿ ತಂದಿದ್ದಳು, ಅದನ್ನು ಇಳಿಸುವುದನ್ನೂ ಮರೆತು ಬಾಗಿಲಲ್ಲೇ ಕೂತಳು.

"ಬ್ರೋಕರ್‌ಗೋಳು ಬಂದವ್ರೆ ಕಣಮ್ಮಿ. ಇಮಾನಕ್ಕೆ ಅಂತ ಸರ್ಕಾರದೋರು ಕಿತ್ಕೊಳೋ ಮುಂಚೆ ನಮಗೇ ಕೊಟ್ಬುಡಿ ಅಂತಾರೆ. ನಿಮ್ಮಣ್ಣ ಕೊಡ್ತೀನಿ ಅಂತ ಕುಂತವ್ನೆ. ಬಾವಿ ಕಡೆ ಭಾಗ ಅವ್ನ ಹೆಸರಲ್ಲೇ ಐತೆ. ನೀನ್ ಬಂದು ಯೋಳು. ಇಮಾನ ಬರಾಕಿಲ್ಲ ಅಂತ ಊರ ಮುಂದೆ ಯೋಳು."

ಹೋದೆ. ಜೊತೆಗೆ ಮುಖ್ಯಸ್ಥರ ಒಪ್ಪಿಗೆ ಪಡೆದು ಆ ಗಾಜು ಕಟ್ಟಿದ ಬ್ಲೇಡುಗಳಲ್ಲೊಂದನ್ನು ತೆಗೆದುಕೊಂಡು ಹೋದೆ. ಸಂಜೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ಜನ ನಿಂತಿದ್ದಾಗ ಮಾತಾಡಿದೆ. ನನಗೆ ಊರೆದುರು ಮಾತಾಡಿ ಅಭ್ಯಾಸವಿಲ್ಲ. ಎಂಜಿನ್ ಎಂದರೇನು, ದೂಳು ಏನು ಮಾಡುತ್ತದೆ, ನಾನು ಬಂದದ್ದು ಯಾಕೆ, ಎಲ್ಲ ಹೇಳಿದೆ. ಬ್ಲೇಡು ಕೈಯಿಂದ ಕೈಗೆ ಹೋಯಿತು. ಹೆಬ್ಬೆರಳಿನಷ್ಟಿದ್ದ ಅದನ್ನು ಒಬ್ಬೊಬ್ಬರೂ ತೂಗಿ ನೋಡಿದರು. ಒಬ್ಬ ಹುಡುಗಿ, "ಇದು ನಮ್ ಮಣ್ಣಾ?" ಎಂದು ಕೇಳಿದಳು. ಹೌದು ಎಂದೆ. ಅವಳು ಬೇಗ ಅದನ್ನು ಪಕ್ಕದವಳಿಗೆ ಕೊಟ್ಟುಬಿಟ್ಟಳು.

ಊರಿನ ಹಿರಿಯರೊಬ್ಬರು, ಸಂಬಂಧದಲ್ಲಿ ನನಗೆ ಮಾವ, ಕೊನೆಗೆ ಮಾತು ತೆಗೆದರು. "ನೀನು ಯೋಳಿದ್ದೆಲ್ಲ ಸರಿ ಕಣವ್ವ. ನಮ್ಮ ಮನೆ ಮಗಳು, ನಂಬ್ತೀವಿ. ಈಗ ಒಂದೇ ಮಾತು. ಇಲ್ಲಿಗೆ ಏನೂ ಬರಾಕಿಲ್ಲ. ಅದನ್ನ ನೀನು ಗಟ್ಯಾಗಿ ಯೋಳ್ಬುಡು."

ಮಳೆಗಾಲಕ್ಕೆ ಮೊದಲಾಗಿದ್ದರೆ ಹೇಳಿಬಿಡುತ್ತಿದ್ದೆ. ಎಂಜಿನ್ನಿನ ಬಗ್ಗೆ ಇಷ್ಟು ಗಂಟೆ ನಂಬಬಹುದು ಎಂದು ರುಜು ಹಾಕಿ ಕೊಡುವವಳು ನಾನು. ಅದು ನೋಡಿ, ಬಿಚ್ಚಿ, ಅಳೆದ ಮೇಲೆ. ಇದನ್ನು ಯಾರು ನನಗೆ ಬಿಚ್ಚಿ ತೋರಿಸಿದ್ದರು?

"ನಂಗೆ ತಿಳಿದಂಗೆ ಏನೂ ಇಲ್ಲ ಮಾವ," ಎಂದೆ.

"ನಿಂಗೆ ತಿಳಿದಂಗೆ," ಎಂದು ಅವರು ನಿಧಾನವಾಗಿ ತಲೆಯಾಡಿಸಿದರು. ಕ್ಯಾನುಗಳು ಸದ್ದು ಮಾಡುತ್ತ ಮುಂದೆ ಸರಿದವು. ದೊಡ್ಡವ್ವ ಗೋಡೆಗೆ ಒರಗಿ ನಿಂತು ನೆಲ ನೋಡುತ್ತಿದ್ದಳು. ಅಣ್ಣ ಬ್ಲೇಡನ್ನು ತಂದು ನನ್ನ ಅಂಗೈಯಲ್ಲಿ ಇಟ್ಟು, ಬೆರಳು ಮಡಿಸಿ, ಬೈಕು ಹತ್ತಿ ಹೋದ.

ಆ ತಿಂಗಳೇ ಅವನು ಬಾವಿಯ ಕಡೆಯ ಭಾಗವನ್ನು ಕೊಟ್ಟುಬಿಟ್ಟ. ಕೊಂಡವರು ಯಾರೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ರಿಜಿಸ್ಟರ್ ದಿನ ಬಂದವನು ಇನ್ಯಾರದೋ ಪರವಾಗಿ ಬಂದಿದ್ದನಂತೆ. ಹಿಪ್ಪುನೇರಳೆ ಗಿಡಗಳನ್ನು ಯಂತ್ರ ತಂದು ಬುಡಸಮೇತ ಕೀಳಿಸಿದರು. ಮುಳ್ಳುತಂತಿಯ ಬೇಲಿ ಬಿತ್ತು. ಬೇಲಿಯ ಈಚೆಗೆ ಉಳಿದ ದೊಡ್ಡವ್ವನ ಭಾಗಕ್ಕೆ ನೀರಿಲ್ಲವಾಯಿತು. ಹುಳು ಸಾಕುವುದನ್ನು ಅವಳು ನಿಲ್ಲಿಸಿದಳು. ತಾಯಿ ಮಗ ಒಂದೇ ಹಟ್ಟಿಯಲ್ಲಿದ್ದರೂ ಬೇರೆಬೇರೆ ಒಲೆ ಹೂಡಿದರು.

ನಮ್ಮ ವರದಿ ಮುಗಿಯಿತು. ಇಂಥ ಮಣ್ಣಿನ ಮೇಲೆ ಹಾರುವ ಎಂಜಿನ್ನುಗಳನ್ನು ಮಾಮೂಲಿಗಿಂತ ಬೇಗ ಇಳಿಸಿ ನೋಡಬೇಕು ಎಂದು ಬರೆದೆವು. ಅದು ಸರಿಯಾದ ಮಾತು, ಇವತ್ತಿಗೂ ನಾನು ಅದಕ್ಕೆ ಬದ್ಧಳು. ಯಾವುದೋ ವಿಮಾನದಲ್ಲಿ ಕೂತ ಯಾರದೋ ಜೀವ ಅದರಿಂದ ಉಳಿಯಬಹುದು.

ಆಮೇಲೆ ಒಂದು ದಿನ ಮುಖ್ಯಸ್ಥರು ಮತ್ತೆ ಕರೆದರು. ಎರಡನೇ ಸುತ್ತಿನ ಕೆಲಸ ಬಂದಿದೆ ಎಂದರು. ಅದೇ ನಾಲ್ಕು ತಾಲ್ಲೂಕು. ಆದರೆ ಈ ಸಲ ಮೇಲಿನ ದೂಳು ಸಾಲದು, ಆಳದ ಮಣ್ಣು ಬೇಕಂತೆ. ಬಂಡೆ ಸಿಗುವವರೆಗೂ.

"ಸರ್, ಎಂಜಿನ್ ಉಸಿರಾಡೋದು ಮೇಲಿನ ದೂಳನ್ನ. ಅಷ್ಟು ಆಳದ ಮಣ್ಣು ಅದರ ಬಾಯಿಗೆ ಹೇಗೆ ಹೋಗುತ್ತೆ?"

"ಅಗೆದಾಗ ಕೆಳಗಿನದೂ ಮೇಲಕ್ಕೆ ಬರುತ್ತಲ್ಲ."

"ಎಲ್ಲಿ ಅಗೆಯೋದು?"

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. ಈ ಮಣ್ಣು ಎಂಜಿನ್ನಿಗಲ್ಲ, ಯಾರೋ ಏನನ್ನೋ ಕಟ್ಟುವ ಮೊದಲು ನೆಲ ಪರೀಕ್ಷಿಸಲು ಎಂದು ನನಗೆ ಹೊಳೆದದ್ದು ಅವರಿಗೂ ಆ ಕ್ಷಣದಲ್ಲೇ ಹೊಳೆದಿರಬೇಕು.

ನಾನು ಹೋಗುವುದಿಲ್ಲ ಎಂದೆ. ಬಲವಂತ ಮಾಡಲಿಲ್ಲ. ಹೊರಗಿನ ಯಾರಿಗೋ ಆ ಕೆಲಸ ವಹಿಸಿದರು. ರೈಲಿನ ಕಿಟಕಿಯಿಂದ ಒಂದೆರಡು ಸಲ ಕೆಂಗಲ್ ಕಡೆಗೆ ಹೋಗುವ ರಸ್ತೆಯಲ್ಲಿ ಕೊರೆಯುವ ಯಂತ್ರ ಹೊತ್ತ ಲಾರಿಗಳನ್ನು ಕಂಡೆ. ಬೋರ್‌ವೆಲ್ ಲಾರಿಗಳೇ ಇರಬಹುದು. ನಮ್ಮ ಕಡೆ ಅವು ಹೊಸದಲ್ಲ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡವ್ವನ ಫೋನು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಬಹಳ ದಿನಗಳ ನಂತರ ಅವಳ ದನಿ ಕೇಳುತ್ತಿದ್ದೆ.

"ಬೇಲಿ ಆಚೆ ಬೋರ್ ಕೊರುದ್ರು ಕಣಮ್ಮಿ."

"ನೀರಿಗಾ?"

"ಅಂಗೇ ಅನ್ಕೊಂಡು ಊರೆಲ್ಲ ನೋಡಾಕೆ ಹೋಗಿದ್ವಿ. ಕೊಳವೆಗಟ್ಲೆ ಮಣ್ಣು ತೆಗುದು ಪೆಟ್ಟಿಗೇಲಿ ಜೋಡಿಸ್ತಿದ್ರು. ನೀರ್ ಬಂತು. ಒಳ್ಳೆ ನೀರು, ಆಳೆತ್ತರ ಚಿಮ್ತು. ಜನ ಎಲ್ಲ ಹೋ ಅಂದ್ರು. ಅವ್ರು ಒಬ್ರ ಮುಖ ಒಬ್ರು ನೋಡ್ಕಂಡು, ಸಿಮೆಂಟ್ ಸುರುದು ಮುಚ್ಚುಬುಟ್ರು."

ಭಾನುವಾರ ಹೋದೆ. ದೊಡ್ಡವ್ವ ನನ್ನನ್ನು ಬೇಲಿಯವರೆಗೆ ಕರೆದುಕೊಂಡು ಹೋದಳು. ಬರಡು ನೆಲದ ನಡುವೆ ಸಿಮೆಂಟಿನ ಒಂದು ಸಣ್ಣ ಚಪ್ಪಡಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು. ಸ್ವಲ್ಪ ದೂರದಲ್ಲಿ ಇನ್ನೊಂದು. ಅದರಾಚೆ, ಬೇರೆಯವರ ಹೊಲದಲ್ಲಿ, ಮತ್ತೊಂದು. ಕಣ್ಣಳತೆಗೆ ನೋಡಿದರೆ ಮೂರೂ ಒಂದೇ ಸಾಲಿನಲ್ಲಿದ್ದವು. ನಾನು ಆ ಸಾಲು ಹಿಡಿದು ನೋಡುತ್ತ ಹೋದೆ. ಅದು ನೇರವಾಗಿ ಊರಿನ ಹೆಂಚಿನ ಮಾಡುಗಳ ಕಡೆಗೆ ಹೋಗುತ್ತಿತ್ತು.

ಅಣ್ಣ ಹಟ್ಟಿಯ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದ. ದೊಡ್ಡವ್ವ ನನ್ನ ಕೈ ಹಿಡಿದುಕೊಂಡಿದ್ದಳು. ಏನಾದರೂ ಕೇಳುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ನನ್ನ ಮುಖದ ಬೆವರು ಒರೆಸಿ, "ಬಿಸ್ಲು ಜಾಸ್ತಿ ಆಯ್ತು, ನಡಿ," ಎಂದಳು.